3,62,880ರಲ್ಲಿ ಒಂದೇ ಒಂದು

381654729. ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲ ಇದರಲ್ಲಿ ಒಂದೊಂದು ಸಲ ಬಂದಿವೆ. ಎಡದಿಂದ ಓದುತ್ತಾ ಹೋಗಿ: 38 ಎರಡರಿಂದ ಭಾಗವಾಗುತ್ತದೆ, 381 ಮೂರರಿಂದ, 3816 ನಾಲ್ಕರಿಂದ, ಹೀಗೇ ಕೊನೆಗೆ ಇಡೀ ಸಂಖ್ಯೆ ಒಂಬತ್ತರಿಂದ. ಈ ಒಂಬತ್ತು ಅಂಕಿಗಳನ್ನು 3,62,880 ಬಗೆಯಲ್ಲಿ ಜೋಡಿಸಬಹುದು. ಈ ಗುಣ ಇರುವುದು ಇದೊಂದಕ್ಕೇ.

ನಾನು ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರಿಗೆ ಕೊಟ್ಟರೆ ಉತ್ತರ ಕ್ಷಣದಲ್ಲಿ ಬರುತ್ತದೆ, ನಿಜ. ಆದರೆ ಬೇರೆ ಯಾವುದೂ ಯಾಕೆ ಆಗುವುದಿಲ್ಲ ಅನ್ನುವುದನ್ನು ಬರೀ ಭಾಜ್ಯತೆಯ ನಿಯಮಗಳಿಂದ ಮಕ್ಕಳಿಗೆ ತೋರಿಸಬೇಕೆಂಬ ಆಸೆ ನನಗೆ. ಮೈಸೂರಿಗೆ ವಾಪಸು ಹೋಗುವ ರೈಲಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬಿಡಿಸಿದೆ.

ಸೊನ್ನೆ ಇಲ್ಲವಾದ್ದರಿಂದ ಐದನೆಯ ಸ್ಥಾನದಲ್ಲಿ 5 ಇರಲೇಬೇಕು. ಎರಡು, ನಾಲ್ಕು, ಆರು, ಎಂಟನೆಯ ಸ್ಥಾನಗಳಿಗೆ ಸಮ ಅಂಕಿಗಳೇ ಬೇಕು. ಇರುವ ಸಮ ಅಂಕಿಗಳೂ ನಾಲ್ಕೇ. ಹಾಗಾಗಿ ಉಳಿದ ಕಡೆ 1, 3, 7, 9.

ಮೂರನೆಯದು ಬೆಸ ಅಂಕಿ. ಬೆಸದ ಪಕ್ಕ 4 ಅಥವಾ 8 ಇಟ್ಟರೆ ನಾಲ್ಕರಿಂದ ಭಾಗವಾಗದು. ಆದ್ದರಿಂದ ನಾಲ್ಕನೆಯದು 2 ಇಲ್ಲವೇ 6. ಮೊದಲ ಮೂರು ಅಂಕಿಗಳ ಮೊತ್ತ ಮೂರರಿಂದ ಭಾಗವಾಗುತ್ತದೆ, ಮೊದಲ ಆರರದ್ದೂ ಆಗುತ್ತದೆ. ಅಂದಮೇಲೆ ನಡುವಿನ ಮೂರರ ಮೊತ್ತವೂ ಆಗಲೇಬೇಕು. ಹೀಗಾಗಿ ನಡುವೆ ಬರುವುದು 258 ಅಥವಾ 654 ಮಾತ್ರ. ನನಗೆ ಬಹಳ ಹಿಡಿಸಿದ್ದು ಈ ಹಂತ. ಲಕ್ಷಗಟ್ಟಲೆ ಜೋಡಣೆಗಳು ಎರಡು ದಾರಿಗೆ ಇಳಿದುಬಿಟ್ಟವು!

ಎಂಟರ ನಿಯಮ ಇನ್ನೂ ಬಿಗಿ. ಆರನೆಯದು ಸಮ ಅಂಕಿಯಾದ್ದರಿಂದ ಏಳನೆಯದೂ ಎಂಟನೆಯದೂ ಸೇರಿ ಆಗುವ ಸಂಖ್ಯೆ ಎಂಟರಿಂದ ಭಾಗವಾದರೆ ಸಾಕು: 16, 32, 72, 96. ಇವಿಷ್ಟೇ. 258ರ ದಾರಿಯಲ್ಲಿ 14725896, 74125896 ಎರಡೇ ಉಳಿದವು. 654ರ ದಾರಿಯಲ್ಲಿ ಎಂಟು. ಒಟ್ಟು ಹತ್ತು.

ಏಳಕ್ಕೆ ಮಾತ್ರ ನಾನು ಯಾವ ಉಪಾಯವನ್ನೂ ಹುಡುಕಲಿಲ್ಲ, ಮೊದಲ ಏಳು ಅಂಕಿಗಳನ್ನು ನೇರವಾಗಿ ಭಾಗಿಸಿದೆ. 1472589ಕ್ಕೆ ಶೇಷ 6, 7412589ಕ್ಕೆ 2, 9876543ಕ್ಕೆ 5... ಹತ್ತರಲ್ಲಿ ಒಂಬತ್ತಕ್ಕೆ ಶೇಷ ಉಳಿಯಿತು. 3816547 ಮಾತ್ರ 545221 ಸಲ ಸರಿಯಾಗಿ ಹೋಯಿತು. ಒಂಬತ್ತರ ಪರೀಕ್ಷೆ ಬೇಕೇ ಇಲ್ಲ. ಒಂದರಿಂದ ಒಂಬತ್ತರವರೆಗೆ ಕೂಡಿದರೆ 45, ಆ ಅಂಕಿಗಳನ್ನು ಹೇಗೆ ಜೋಡಿಸಿದರೂ ಒಂಬತ್ತರಿಂದ ಭಾಗವಾಗುತ್ತದೆ.

ಮಕ್ಕಳಿಗೆ ಹೇಳಿಕೊಡುವವರು ಉತ್ತರವನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಡಿ. ಒಂಬತ್ತು ಖಾಲಿ ಮನೆ ಹಾಕಿ, 5 ಎಲ್ಲಿ ಅಂತ ಕೇಳಿ. ಅಲ್ಲಿಂದ ಮುಂದಕ್ಕೆ ಅವರೇ ಎಳೆದುಕೊಂಡು ಹೋಗುತ್ತಾರೆ.

ಕೊನೆಗೊಂದು ಸೊನ್ನೆ ಸೇರಿಸಿದರೆ 3816547290, ಹತ್ತರಿಂದಲೂ ಭಾಗವಾಗುತ್ತದೆ. ಅಂಕಿಗಳು ಮತ್ತೆ ಮತ್ತೆ ಬರಬಹುದು ಅಂತ ಬಿಟ್ಟರೆ ಈ ಸಾಲು 25 ಅಂಕಿಗಳವರೆಗೆ ಬೆಳೆಯುತ್ತದೆ: 3608528850368400786036725. ಇದರ ಮುಂದೆ ಯಾವ ಅಂಕಿ ಬರೆದರೂ 26ರಿಂದ ಭಾಗವಾಗುವುದಿಲ್ಲ.