ಬ್ರೂಪಬ್‌ಗೆ ಜಿಎಸ್‌ಟಿ ನೋಟಿಸ್ ಬಂದಾಗ

ಇಂದಿರಾನಗರವಿರಲಿ, ಕೋರಮಂಗಲವಿರಲಿ, ಬ್ರೂಪಬ್ (ತಾನೇ ಬಿಯರ್ ತಯಾರಿಸಿ ಮಾರುವ ಪಬ್) ಲೆಕ್ಕ ಎಡವುವ ಜಾಗ ಒಂದಿದೆ. ಬಿಯರ್‌ಗೆ ಜಿಎಸ್‌ಟಿ ಇಲ್ಲ, ಅದು ಅಬಕಾರಿ ಲೆಕ್ಕ. ಜಿಎಸ್‌ಟಿ ಬೀಳುವುದು ಊಟ-ತಿಂಡಿಗೆ. ಬ್ಯಾಂಕಿಗೆ ಮಾತ್ರ ಎರಡರ ದುಡ್ಡೂ ಒಟ್ಟಿಗೇ ಬರುತ್ತದೆ. ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ನಲ್ಲಿ, ಜಿಎಸ್‌ಟಿ ಅನ್ವಯಿಸದ ಮಾರಾಟದ 3.1(ಇ) ಸಾಲಿನಲ್ಲಿ ಬಿಯರ್ ಮಾರಾಟ ತೋರಿಸದಿದ್ದರೆ, ಅಧಿಕಾರಿಯ ಕಣ್ಣಿಗೆ ವ್ಯತ್ಯಾಸವೆಲ್ಲ ಮುಚ್ಚಿಟ್ಟ ವಹಿವಾಟು.

ರಿಟರ್ನ್‌ನ ವ್ಯತ್ಯಾಸಕ್ಕೆ ವಿವರಣೆ ಕೇಳುವ ಎಎಸ್‌ಎಂಟಿ-10 ನೋಟಿಸ್ ಬಂದರೆ ಅದರಲ್ಲಿರುವ ಗಡುವಿನೊಳಗೆ ಎಎಸ್‌ಎಂಟಿ-11 ನಮೂನೆಯಲ್ಲಿ ಉತ್ತರಿಸಿ. ಜತೆಗೆ ತಿಂಗಳುವಾರು ಪಟ್ಟಿ ಕೊಡಿ: ಬಿಲ್ಲಿಂಗ್ ಯಂತ್ರದ ಬಿಯರ್ ಮೊತ್ತ, ಊಟದ ಮೊತ್ತ, ಬ್ಯಾಂಕ್ ಜಮೆ, ಪಕ್ಕದಲ್ಲೇ ಅಬಕಾರಿ ರಿಜಿಸ್ಟರಿನ ಲೀಟರ್. ಲೀಟರಿಗೂ ಬಿಲ್ಲಿಗೂ ತಾಳೆಯಾಗದಿದ್ದರೆ ಕಾರಣ ಬರೆಯಿರಿ. ನೊರೆಯಲ್ಲಿ, ಪೈಪ್ ತೊಳೆಯುವಾಗ ಹೋದದ್ದಕ್ಕೂ ದಾಖಲೆ ಬೇಕು. ‘ಎಲ್ಲ ಸರಿಯಿದೆ’ ಎಂಬ ಒಂದು ಸಾಲಿನ ಉತ್ತರ, ಉತ್ತರವನ್ನೇ ಕೊಡದಿರುವುದಕ್ಕೆ ಸಮ.

ಅಧಿಕಾರಿ ನಿಮ್ಮ ಉತ್ತರ ಒಪ್ಪದಿದ್ದರೆ ಡಿಆರ್‌ಸಿ-01, ಅಂದರೆ ತೆರಿಗೆ ಬೇಡಿಕೆಯ ಷೋಕಾಸ್ ನೋಟಿಸ್, ಬರುತ್ತದೆ. ಡಿಆರ್‌ಸಿ-06 ನಮೂನೆಯಲ್ಲಿ ಅದಕ್ಕೆ ಉತ್ತರಿಸುವಾಗ ಖುದ್ದು ವಿಚಾರಣೆ ಬೇಕೆಂದೂ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಚ್ಚುವರಿ ನೋಟಿಸ್‌ಗಳ ವಿಭಾಗವನ್ನು ವಾರಕ್ಕೊಮ್ಮೆ ತೆರೆಯಿರಿ. ಎಷ್ಟೋ ಆದೇಶಗಳು ಅಲ್ಲೇ ಕೂತಿರುತ್ತವೆ, ಗಡುವು ಓಡುತ್ತಿರುತ್ತದೆ.

ಆದೇಶ ತಲುಪಿದ 3 ತಿಂಗಳೊಳಗೆ ಎಪಿಎಲ್-01 ನಮೂನೆಯಲ್ಲಿ ಮೇಲ್ಮನವಿ. ವಿವಾದಿತ ತೆರಿಗೆಯ 10% ಮುಂಗಡ ಕಟ್ಟಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗಬಹುದು, ಅಷ್ಟೇ.