ಕ್ರೇಟ್ ಒಡೆಯುವ ಮಗನಿದ್ದರೆ ಮೊದಲು ಫೋನ್ ಹೀಗೆ ಸರಿಮಾಡಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ರಿಚಾರ್ಜ್, ಡಿಸ್‌ಪ್ಲೇ ರಿಪೇರಿ, ಕವರು, ಗ್ಲಾಸು. ಪ್ಲೇ ಸ್ಟೋರ್‌ಗೆ ದುಡ್ಡು ತುಂಬಿಸುವ ರಿಡೀಮ್ ಕೋಡ್ ಕೂಡ ಮಾರುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಫೋನ್ ಹಿಡಿದುಕೊಂಡು ಬಂದರು. "ಅಣ್ಣಾ, ಖಾತೆಯಿಂದ 4,200 ರೂಪಾಯಿ ಹೋಗಿದೆ, ಯಾರೋ ಹ್ಯಾಕ್ ಮಾಡಿದಾರೆ" ಅಂದರು. ಹ್ಯಾಕ್ ಏನೂ ಆಗಿರಲಿಲ್ಲ. ಎಂಟನೇ ಕ್ಲಾಸಿನ ಮಗ ಒಂದು ಗನ್ ಸ್ಕಿನ್, ಅಂದರೆ ಗೇಮ್‌ನ ಬಂದೂಕಿಗೆ ಹಾಕುವ ಬಣ್ಣದ ವೇಷ, ಅದರ ಆಸೆಗೆ ಎರಡು ದಿನ ಕ್ರೇಟ್ ಒಡೆದಿದ್ದ. ಕ್ರೇಟ್ ಅಂದರೆ ಒಳಗೆ ಏನಿದೆ ಅಂತ ಗೊತ್ತಾಗದ, ದುಡ್ಡು ಕೊಟ್ಟು ತೆರೆಯುವ ಗೇಮ್‌ನ ಪೆಟ್ಟಿಗೆ. ಸ್ಕಿನ್ನೂ ಸಿಕ್ಕಿರಲಿಲ್ಲ. ಯುಪಿಐ ಪಿನ್ ಯಾವುದು ಗೊತ್ತಾ? ಅವನು ಹುಟ್ಟಿದ ಇಸವಿ.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಬೈಯೋದನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು ಪ್ಲೇ ಸ್ಟೋರ್ ತೆಗೆದು, ಮೇಲೆ ಬಲಗಡೆ ಇರುವ ನಿಮ್ಮ ಫೋಟೋ ಒತ್ತಿ. ಪೇಮೆಂಟ್ಸ್ ಆಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಬಜೆಟ್ ಆಂಡ್ ಹಿಸ್ಟರಿ ಅಂತ ಇರುತ್ತದೆ. ಯಾವತ್ತು, ಯಾವ ಗೇಮ್‌ಗೆ, ಎಷ್ಟು ಹೋಯಿತು ಎಲ್ಲ ಅಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. 48 ಗಂಟೆಯೊಳಗಾದರೆ ಗೂಗಲ್‌ಗೇ ರೀಫಂಡ್ ಕೇಳಬಹುದು. ಅದು ದಾಟಿದರೆ ಗೇಮ್ ಕಂಪನಿಯನ್ನೇ ಕೇಳಿ ಅನ್ನುತ್ತಾರೆ. ಕೊಟ್ಟೇ ಕೊಡುತ್ತಾರೆ ಅಂತೇನಿಲ್ಲ. ಆ ಅಕ್ಕ ಎರಡನೇ ದಿನವೇ ಬಂದಿದ್ದರಿಂದ ಒಂದಿಷ್ಟು ವಾಪಸ್ ಬಂತು.

ಆಮೇಲೆ ಬೀಗ. ಅದೇ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಬೆರಳಚ್ಚು ಇಟ್ಟಿದ್ದರೆ ಒಂದು ಸಲ ನೋಡಿ, ಫೋನ್‌ನಲ್ಲಿ ಯಾರ ಯಾರ ಬೆರಳು ಸೇರಿದೆ ಅಂತ. ಈ ಅಕ್ಕನ ಫೋನ್‌ನಲ್ಲಿ ಮೂರಿದ್ದವು, ಎರಡು ಮಗನದೇ! ಯುಪಿಐ ಪಿನ್ ಬದಲಾಯಿಸಿ. ಪ್ಲೇ ಸ್ಟೋರ್‌ನಲ್ಲಿ ತಿಂಗಳ ಬಜೆಟ್ ಹಾಕುವ ಅವಕಾಶವೂ ಇದೆ. ಆದರೆ ಅದನ್ನು ನಂಬಿ ಕೂರಬೇಡಿ. ಅದು ಖರ್ಚು ಎಷ್ಟಾಯಿತು ಅಂತ ತಿಳಿಸುತ್ತದೆ, ತಡೆಯುವುದಿಲ್ಲ.

ಬೀಗ ಹಾಕಿದ ಮಾತ್ರಕ್ಕೆ ಹುಡುಗ ಸುಮ್ನೆ ಕೂರಲ್ಲ. ಅವನ ಜೊತೆ ಕೂತು ಲೆಕ್ಕ ಮಾಡಬೇಕು. ನಾನು ಅವನನ್ನು ಅಂಗಡಿಗೇ ಕರೆಸಿದೆ.

ಕ್ರೇಟ್ ಚಿತ್ರದ ಮೂಲೆಯಲ್ಲಿ ಸಣ್ಣ ಪ್ರಶ್ನೆ ಚಿಹ್ನೆಯೋ 'ಐ' ಗುರುತೋ ಇರುತ್ತದೆ. ಅದನ್ನು ಒತ್ತಿದರೆ ಯಾವ ವಸ್ತು ಸಿಗಲು ಎಷ್ಟು ಪರ್ಸೆಂಟ್ ಅಂತ ಬರುತ್ತದೆ. ಚೀನಾ 2017ರಲ್ಲೇ ಇದನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಕೊನೆಗೆ ಆಪಲ್, ಆಮೇಲೆ ಗೂಗಲ್ ಕೂಡ ತಮ್ಮ ಸ್ಟೋರ್‌ನಲ್ಲಿ ನಿಯಮ ಮಾಡಿದವು. ನಮ್ಮ ಹುಡುಗ ಅದನ್ನು ಒತ್ತಿಯೇ ಇರಲಿಲ್ಲ. ಒತ್ತಿದಾಗ 1 ಪರ್ಸೆಂಟ್ ಅಂತ ಬಂತು. "ಹಂಗಾದ್ರೆ ನೂರು ಒಡೆದ್ರೆ ಒಂದು ಗ್ಯಾರಂಟಿ ಅಲ್ವಾ ಅಂಕಲ್?" ಅಂದ.

ಅಲ್ಲ. ಒಂದು ಸಲಕ್ಕೆ ಸಿಗದೇ ಇರೋದು 99 ಪರ್ಸೆಂಟ್, ಅಂದರೆ 0.99. ಕ್ಯಾಲ್ಕುಲೇಟರ್ ಕೊಟ್ಟು, ಒಡೆಯುವ ಪ್ರತಿ ಕ್ರೇಟ್‌ಗೂ ಒಂದೊಂದು 0.99 ಹಾಕಿ ಗುಣಿಸುತ್ತಾ ಹೋಗು ಅಂದೆ. ನೂರು ಹುಡುಗರು ತಲಾ ನೂರು ಕ್ರೇಟ್ ಒಡೆದರೂ ಸುಮಾರು 37 ಜನ ಬರಿಗೈ. ಇನ್ನೂರು ಒಡೆದರೂ 13 ಜನಕ್ಕೆ ಇಲ್ಲ. ನಮ್ಮ ಕಾಲದಲ್ಲಿ ಸ್ಕೂಲ್ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಚೀಟಿ ಬೋರ್ಡ್ ಇರುತ್ತಿತ್ತು. ನಾಲ್ಕಾಣೆ ಕೊಟ್ಟು ಚೀಟಿ ಹರಿಯೋದು. ಅದೂ ಮೋಸವೇ, ದೊಡ್ಡ ಬಹುಮಾನ ಎಲ್ಲಿದೆ ಅಂತ ಅಂಗಡಿಯವನಿಗೆ ಗೊತ್ತಿರುತ್ತಿತ್ತು. ಆದರೆ ಹರಿದಷ್ಟೂ ಚೀಟಿ ಕಡಿಮೆಯಾಗುತ್ತಿತ್ತು. ಫೋನ್‌ನಲ್ಲಿ ಹರಿದ ಚೀಟಿ ಮತ್ತೆ ಬೋರ್ಡಿಗೇ ಹೋಗಿ ಅಂಟಿಕೊಳ್ಳುತ್ತದೆ. ಕೆಲವು ಗೇಮ್‌ನಲ್ಲಿ ಇಷ್ಟು ಸಲ ಆದಮೇಲೆ ಖಂಡಿತ ಕೊಡುತ್ತೇವೆ ಅಂತ ಬರೆದಿರುತ್ತಾರೆ. ಅಲ್ಲಿ ಆ ಕೊನೆಯ ಸಂಖ್ಯೆಯನ್ನೇ ವಸ್ತುವಿನ ಬೆಲೆ ಅಂತ ಹಿಡಿಯಿರಿ.

ಡೈಮಂಡ್, ಕಾಯಿನ್ ಅಂತ ಗೇಮ್ ಒಳಗೆ ಓಡುವ ದುಡ್ಡಿನ ಲೆಕ್ಕವನ್ನೂ ರೂಪಾಯಿಗೆ ಇಳಿಸಿ. ರೂಪಾಯಿ ಕೊಟ್ಟು ಕೊಂಡ ಪ್ಯಾಕ್‌ನಲ್ಲಿ 100 ಬಂದು, ಒಂದು ಸ್ಪಿನ್‌ಗೆ, ಅಂದರೆ ಒಂದು ಸಲ ಅದೃಷ್ಟ ನೋಡಲು, 60 ಬೇಕಾದರೆ 40 ಉಳಿಯುತ್ತದೆ. ಆ 40ರಲ್ಲಿ ಇನ್ನೊಂದು ಸ್ಪಿನ್ ಆಗಲ್ಲ, ಬಿಡಲು ಮನಸ್ಸೂ ಬರಲ್ಲ. ಇನ್ನೊಂದು ಪ್ಯಾಕ್ ಕೊಳ್ಳುತ್ತಾರೆ. "ಒಂದು ಸ್ಪಿನ್ ಅಂದ್ರೆ ಎಷ್ಟು ಬೆಣ್ಣೆ ದೋಸೆ?" ಅಂತ ಕೇಳಿದೆ. ಹುಡುಗ ಮಾತಾಡಲಿಲ್ಲ.

ಇದು ಜೂಜಲ್ವಾ, ಕಂಪ್ಲೇಂಟ್ ಕೊಡಬಹುದಾ ಅಂತ ಅಕ್ಕ ಕೇಳಿದರು. ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಇದು ಜೂಜೇ ಅಂದಿತು. ನೆದರ್ಲೆಂಡ್ಸ್‌ನಲ್ಲಿ ಒಂದು ದೊಡ್ಡ ಕಂಪನಿಗೆ 1 ಕೋಟಿ ಯೂರೋ ದಂಡ ಬಿದ್ದಿತ್ತು, 2022ರಲ್ಲಿ ಅಲ್ಲಿನ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತಿದೆ. 2025ರ ಕೇಂದ್ರ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಕ್ರೇಟ್‌ನಲ್ಲಿ ಗೆಲ್ಲೋದು ದುಡ್ಡಲ್ಲ, ಬಣ್ಣದ ಬಂದೂಕು. ಕಂಪನಿಯವರು ವಾದ ಹೂಡುವುದೇ ಅಲ್ಲಿ. ಹಾಗಾಗಿ ಸ್ಟೇಷನ್‌ಗೆ ಹೋಗುವ ಮೊದಲು ರೀಫಂಡ್ ಅರ್ಜಿ ಹಾಕಿ ಅಂದೆ.

ಈಗ ಯೂನಿಫಾರ್ಮ್‌ನಲ್ಲಿ ಬಂದವರಿಗೆ ನಾನು ರಿಡೀಮ್ ಕೋಡ್ ಕೊಡಲ್ಲ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾ ಅನ್ನುತ್ತೇನೆ. ಅವರು ಹೋಗಿ ಡ್ರೆಸ್ ಬದಲಾಯಿಸಿಕೊಂಡು ಬರುತ್ತಾರೆ.