ಮಿಯಾಟಾ ಬಾನೆಟ್ ಮೇಲೆ ಮನೆಯಲ್ಲೇ ಕಟ್ಟಿದ ಗಾಳಿ ದಾರಿ: ನನ್ನ ಅನುಭವ

ಮಾಜ್ದಾ ಕಂಪನಿಯ ಎರಡು ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು ಮಿಯಾಟಾ. ಅದರ ಬಾನೆಟ್ ಮೇಲೆ ಸ್ಕೂಪ್ (ಗಾಳಿ ಹಿಡಿಯುವ ಬಾಯಿ) ಕೂರಿಸುವುದು ಬರೀ ಶೋಕಿ, ಅದರಿಂದ ಒಂದು ಹಾರ್ಸ್‌ಪವರೂ ಬರಲ್ಲ ಅಂತ ಹೇಳಿದವರೇ ಜಾಸ್ತಿ. ನಮ್ಮ ಟ್ರ್ಯಾಕ್ ಗುಂಪಿನಲ್ಲಿ ಕೆಲವರು ಇಲ್ಲೇ ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವವರು, ಅವರ ಹತ್ತಿರ ವಾದ ಮಾಡುವುದು ಸುಲಭ ಅಲ್ಲ. ಅವರ ಮಾತು ಅರ್ಧ ನಿಜ ಕೂಡ. ಅಂಗಡಿಯ ಸ್ಕೂಪ್ ತಂದು ಅಂಟಿಸಿದರೆ ಏನೂ ಬರುವುದಿಲ್ಲ. ಆದರೆ ಒತ್ತಡ ಇರುವ ಜಾಗದಿಂದ ತಣ್ಣನೆ ಗಾಳಿ ಎತ್ತಿ, ಎಲ್ಲೂ ಸೋರದ ಹಾಗೆ ಎಂಜಿನ್‌ನ ಏರ್ ಫಿಲ್ಟರ್‌ವರೆಗೆ ತಂದರೆ ಬರುತ್ತದೆ. ನನ್ನ ಕಾರಿನಲ್ಲಿ ಬಂತು. ಎರಡು ಬೇಸಿಗೆ ಹಿಡಿಯಿತು, ಅಷ್ಟೇ.

ಕಾರು 1991ರದ್ದು, 1.6 ಲೀಟರ್. ಹೊಸದರಲ್ಲಿ 116 ಹಾರ್ಸ್‌ಪವರ್ ಇದ್ದದ್ದು, ಈಗ ಚಕ್ರದಲ್ಲಿ ತೊಂಬತ್ತರ ಆಸುಪಾಸು. ಈ ಕಾರಿನ ರೋಗ ನಿಮಗೆಲ್ಲ ಗೊತ್ತೇ ಇದೆ. ಫಿಲ್ಟರ್ ಬಾಕ್ಸ್ ಎಡಗಡೆ ಮೂಲೆಯಲ್ಲಿ, ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಅದೇ ಎಡಗಡೆ. ಬಾಕ್ಸ್ ಬೇಯುತ್ತದೆ. ಆಮೇಲೆ ಆ ಗಾಳಿ ಎಂಜಿನ್ ಮುಂದೆ ದಾಟಿಕೊಂಡು ಬಲಗಡೆಯ ಥ್ರಾಟಲ್ ಬಾಡಿಗೆ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಹೋಗಬೇಕು, ದಾರಿಯಲ್ಲಿ ಇನ್ನಷ್ಟು ಬಿಸಿ. ಇದು ಓಬಿಡಿ 2 (ಕಾರಿನ ಕಂಪ್ಯೂಟರ್ ಓದುವ ಸಾಕೆಟ್) ಬರುವುದಕ್ಕೆ ಮುಂಚಿನ ಕಾರು, ಹಾಗಾಗಿ ಲ್ಯಾಪ್‌ಟಾಪ್ ಚುಚ್ಚಿ ಒಳಬರುವ ಗಾಳಿಯ ಉಷ್ಣಾಂಶ ನೋಡುವ ಭಾಗ್ಯ ಇಲ್ಲ. ನಾಲ್ಕು ಚಾನೆಲ್‌ನ ಅಗ್ಗದ ಥರ್ಮೊಕಪಲ್ ಮೀಟರ್ ತರಿಸಿದೆ, ಅರವತ್ತು ಡಾಲರ್ ಇರಬೇಕು. ಇಡೀ ಯೋಜನೆಯಲ್ಲಿ ಅತಿ ಚೆನ್ನಾಗಿ ಖರ್ಚಾದ ದುಡ್ಡು ಅದೇ.

ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದ ದಿನ, ಹೈವೇಯಲ್ಲಿ 70 ಮೈಲಿ ವೇಗದಲ್ಲಿ ಕಂಪನಿ ಬಾಕ್ಸ್ ಒಳಗೆ 42ರ ಹತ್ತಿರ ತೋರಿಸಿತು. ಸಿಗ್ನಲ್‌ನಲ್ಲಿ ನಿಂತರೆ 60 ದಾಟಿತು. ಎಲ್ಲರೂ ಮಾಡುವಂತೆ ಬಾಕ್ಸ್ ಕಿತ್ತೆಸೆದು ಎಎಫ್‌ಎಂಗೆ (ಒಳಬರುವ ಗಾಳಿ ಅಳೆಯುವ ಮೀಟರ್) ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸಿ ನೋಡಿದೆ. ಸದ್ದು ಬಹಳ ಚೆಂದ. ಉಷ್ಣಾಂಶ ಇನ್ನೂ ಏಳೆಂಟು ಡಿಗ್ರಿ ಮೇಲೆ. ಸದ್ದು ಕೇಳಿ ಗಾಡಿ ಓಡುತ್ತಿದೆ ಅಂದುಕೊಳ್ಳುವವರು ಅಲ್ಲಿಗೇ ನಿಲ್ಲಿಸಬಹುದು.

ಮೊದಲನೇ ಸ್ಕೂಪ್ ಆನ್‌ಲೈನಲ್ಲಿ ತರಿಸಿದ ನಲವತ್ತು ಡಾಲರಿನ ಪ್ಲಾಸ್ಟಿಕ್. ಮುಂದಕ್ಕೆ ಬಾಯಿ ತೆರೆದದ್ದು. ತೂತು ಕೊರೆಯುವ ಮೊದಲು ಸುಮ್ನೆ ಟೇಪಿನಲ್ಲಿ ಅಂಟಿಸಿ, ಒಳಗಿಂದ ಸಣ್ಣ ಪೈಪ್ ಎಳೆದು ಒತ್ತಡ ಅಳೆದೆ. ಅಳೆಯುವುದಕ್ಕೆ ಯಂತ್ರ ಏನಿಲ್ಲ, ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಹಿಂದೆ ಸ್ಕೇಲ್ ಅಂಟಿಸಿ ಡ್ಯಾಶ್‌ಬೋರ್ಡ್ ಮೇಲೆ ಕಟ್ಟಿದ್ದು. 70 ಮೈಲಿ ವೇಗದಲ್ಲಿ ಎದುರು ಗಾಳಿಯ ಪೂರ್ತಿ ಒತ್ತಡ ಸುಮಾರು 60 ಮಿಲಿಮೀಟರ್ ನೀರು. ಅದು ವಾತಾವರಣದ ಒತ್ತಡದಲ್ಲಿ ಶೇಕಡಾ ಒಂದೂ ಇಲ್ಲ, ಅರ್ಧಕ್ಕಿಂತ ಚೂರು ಮೇಲೆ. ರ‍್ಯಾಮ್ ಏರ್ ರ‍್ಯಾಮ್ ಏರ್ ಅಂತ, ವೇಗದ ಗಾಳಿ ತಾನೇ ಎಂಜಿನ್‌ಗೆ ತುಂಬಿಕೊಳ್ಳುತ್ತದೆ ಅಂತ ಕುಣಿಯುವವರು ಈ ಲೆಕ್ಕ ಒಮ್ಮೆ ಹಾಕಬೇಕು. ಲಾಭ ಇರುವುದು ಒತ್ತಡದಲ್ಲಿ ಅಲ್ಲ, ತಂಪಿನಲ್ಲಿ. ಹತ್ತು ಡಿಗ್ರಿ ಇಳಿದರೆ ಗಾಳಿ ಶೇಕಡಾ ಮೂರಕ್ಕಿಂತ ಜಾಸ್ತಿ ದಟ್ಟ ಆಗುತ್ತದೆ. ಒತ್ತಡ ಬೇಕಾಗಿರುವುದು ಆ ತಣ್ಣನೆ ಗಾಳಿಯನ್ನು ಫಿಲ್ಟರ್‌ವರೆಗೆ ತಳ್ಳುವುದಕ್ಕೆ ಮಾತ್ರ.

ಆ ಪ್ಲಾಸ್ಟಿಕ್ ಸ್ಕೂಪ್ ಬಾಯಲ್ಲಿ ಅಳತೆ ಪರವಾಗಿರಲಿಲ್ಲ. ಆದರೆ ಎತ್ತರ ಮೂರು ಇಂಚು, ಕೂತರೆ ಸರಿಯಾಗಿ ನನ್ನ ಕಣ್ಣಿನ ಮುಂದೆ. ಹುಳ, ಮಳೆ ನೀರು, ಮುಂದಿನ ಗಾಡಿ ಹಾರಿಸುವ ಚಿಕ್ಕ ಕಲ್ಲು, ಎಲ್ಲಕ್ಕೂ ನೇರ ಸ್ವಾಗತ. ಅಂಟಿಸಿದ ಟೇಪು ಹೈವೇಯಲ್ಲೇ ಬಿಟ್ಟುಕೊಂಡಿತು, ಸ್ಕೂಪ್ ಹಾರಿ ಪಕ್ಕದ ಹುಲ್ಲಿಗೆ ಬಿತ್ತು. ಹಿಂದೆ ಯಾರೂ ಇರಲಿಲ್ಲ, ಪುಣ್ಯ.

ಆಮೇಲೆ ನಾಕಾ ಡಕ್ಟ್. ಅಮೆರಿಕದ ನಾಕಾ ಸಂಸ್ಥೆ 1940ರ ದಶಕದಲ್ಲಿ ವಿಮಾನಕ್ಕೆ ಅಂತ ರೂಪಿಸಿದ, ಮೇಲ್ಮೈಗೆ ಮಟ್ಟಸವಾಗಿ ಕೂರುವ ಗಾಳಿ ಬಾಯಿ, ಫೆರಾರಿ ಎಫ್40 ಮೈ ತುಂಬ ಇದೆ. ಬಾನೆಟ್ ಮೇಲೆ ಉಬ್ಬೇ ಇರುವುದಿಲ್ಲ, ನೋಡೋಕೆ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಗುಜರಿಗೆ ಹೋಗಿ ಇನ್ನೊಂದು ಬಾನೆಟ್ ತಂದೆ, ಎಂಬತ್ತು ಡಾಲರ್. ಈ ಕಾರಿನ ಬಾನೆಟ್ ಅಲ್ಯೂಮಿನಿಯಂ, ಆದ್ದರಿಂದ ಹಗುರ, ಆದರೆ ಮನೆಯ ಸಾಮಾನ್ಯ ಮಿಗ್ ವೆಲ್ಡರ್ ಇಟ್ಟುಕೊಂಡು ತೂತು ಮುಚ್ಚುತ್ತೇನೆ ಅನ್ನುವ ಆಸೆ ಬಿಡಬೇಕು. ಮೂಲ ಬಾನೆಟ್‌ಗೆ ಕೈ ಹಚ್ಚಲೇಬೇಡಿ. ಡಕ್ಟನ್ನು ಗೆಳೆಯನ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ತೆಗೆಸಿದೆ. ಪಿಎಲ್‌ಎ 60 ಡಿಗ್ರಿಗೆ ಮೆತ್ತಗಾಗುತ್ತದೆ. ಜುಲೈ ಬಿಸಿಲಲ್ಲಿ ಕೆಂಪು ಬಾನೆಟ್ ಎಷ್ಟು ಕಾಯುತ್ತದೆ, ಕೆಳಗಿನಿಂದ ಎಂಜಿನ್ ಎಷ್ಟು ಕಾಯಿಸುತ್ತದೆ, ನೀವೇ ಲೆಕ್ಕ ಹಾಕಿ. ಎರಡನೇ ವಾರಕ್ಕೆ ಅದರ ತುಟಿ ಜೋತು ಬಿದ್ದಿತ್ತು. ಎಎಸ್‌ಎ ಪ್ಲಾಸ್ಟಿಕ್‌ನಲ್ಲಿ ಮತ್ತೊಂದು ತೆಗೆಸಿದೆ, ಅದು ನಿಂತಿತು. ಆದರೂ ನೀರಿನ ಪೈಪ್ ಉಲ್ಟಾ ಹೋಯಿತು! ಬಾನೆಟ್ ಮುಂಭಾಗ ಬಾಗುವ ಕಡೆ ಗಾಳಿ ವೇಗವಾಗಿ ಹಾಯುತ್ತದೆ, ಅಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಫಿಲ್ಟರ್ ಬಾಕ್ಸ್ ಮೇಲಿನ ಆ ಜಾಗದಲ್ಲಿ ನನ್ನ ಡಕ್ಟ್ ಗಾಳಿ ಕುಡಿಯುವುದಿರಲಿ, ಹೊರಗೆ ಉಗುಳಲು ಹೊರಟಿತ್ತು. ಬಾನೆಟ್, ಪ್ಲಾಸ್ಟಿಕ್, ಪೇಂಟ್ ಸೇರಿ ಇನ್ನೂರು ಡಾಲರ್ ಹೋಯಿತು. ಆ ಬಾನೆಟ್ ಈಗಲೂ ಗ್ಯಾರೇಜಿನ ಗೋಡೆಗೆ ಒರಗಿದೆ. ಟ್ರ್ಯಾಕ್ ಗೆಳೆಯರು ಬಂದಾಗಲೆಲ್ಲ ಅದನ್ನೇ ತೋರಿಸಿ ನಗುತ್ತಾರೆ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಒಂದೆರಡು ಪ್ರಯೋಗದ ವಿಷಯ. ಬಾನೆಟ್ ಮೇಲೆಲ್ಲ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಪಕ್ಕದ ಲೇನಿನಲ್ಲಿ ಹೆಂಡತಿ ನಮ್ಮ ಇನ್ನೊಂದು ಕಾರು ಓಡಿಸಿದಳು, ಅವಳ ತಮ್ಮ ವಿಡಿಯೋ ಹಿಡಿದ. ಬಹಳ ಜನ ಬಾನೆಟ್‌ನ ಹಿಂಭಾಗವನ್ನು ವಾಷರ್ ಇಟ್ಟು ಎತ್ತುತ್ತಾರಲ್ಲ, ಬಿಸಿ ಗಾಳಿ ಹೊರಗೆ ಹೋಗಲಿ ಅಂತ? ನಾನೂ ಎತ್ತಿದೆ. 40 ಮೈಲಿ ದಾಟುತ್ತಿದ್ದ ಹಾಗೆ ಮುಂದಿನ ಗಾಜಿನ ಬುಡದ ದಾರಗಳೆಲ್ಲ ಸಂದಿಯೊಳಕ್ಕೆ ತಿರುಗಿದವು. ಅಂದರೆ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತಿದೆ. ಒಳಗೆ ಒತ್ತಡ ಏರಿದರೆ ರೇಡಿಯೇಟರ್ ಮೂಲಕ ಬರುವ ಗಾಳಿಗೆ ಜಾಗ ಇಲ್ಲ. ವಾಷರ್ ಇಟ್ಟವರು ದಯವಿಟ್ಟು ತೆಗೆಯಿರಿ. ಹಾಗೇ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಳೆದುಕೊಂಡವರು ಮೊದಲು ಅದನ್ನು ಹಾಕಿಸಿ, ಆಮೇಲೆ ದೊಡ್ಡ ರೇಡಿಯೇಟರ್ ಬಗ್ಗೆ ಯೋಚಿಸಿ.

ಇನ್ನೊಂದು ಹೆಡ್‌ಲೈಟ್ ಪ್ರಯೋಗ. ಎಡಗಡೆ ಪಾಪ್ ಅಪ್ (ಬೇಕಾದಾಗ ಮೇಲೇಳುವ) ದೀಪವನ್ನೇ ಬಿಚ್ಚಿ ಆ ಗೂಡಿನಿಂದ ಗಾಳಿ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ನಾನು ಅಳೆದ ಎಲ್ಲದರಲ್ಲಿ ಅತ್ಯುತ್ತಮ ಒತ್ತಡ ಅಲ್ಲೇ ಸಿಕ್ಕಿತು. ಬರೀ ಟ್ರ್ಯಾಕ್ ಕಾರಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಮಾಡಿ. ನನ್ನದು ಆಫೀಸಿಗೂ ಹೋಗುವ ಕಾರು, ಒಂಟಿ ದೀಪದಲ್ಲಿ ರಾತ್ರಿ ಓಡಿಸಿದರೆ ಪೊಲೀಸರು ಬಿಡುವುದಿಲ್ಲ.

ದಾರದ ವಿಡಿಯೋ ನೋಡಿದ ಮೇಲೆ ಉತ್ತರ ಕಣ್ಣೆದುರೇ ಇತ್ತು. ಗಾಜಿನ ಬುಡದಲ್ಲಿ ಗಾಳಿ ತಾನೇ ಒಳಗೆ ಬರಲು ಒದ್ದಾಡುತ್ತಿದೆ. ನೀರಿನ ಪೈಪ್ ಇಟ್ಟರೆ 70 ಮೈಲಿಗೆ ಹದಿನೆಂಟು ಇಪ್ಪತ್ತು ಮಿಲಿಮೀಟರ್. ಹೊಸ ಸಂಗತಿಯೇನಲ್ಲ, 1969ರ ಕಮಾರೋದಲ್ಲಿ ಷೆವರ್ಲೆಯವರು ಗಾಜಿನ ಬುಡದಿಂದ ಗಾಳಿ ಎಳೆಯುವ ಕೌಲ್ ಇಂಡಕ್ಷನ್ ಬಾನೆಟ್ ಕೊಟ್ಟಿದ್ದರು, ಪಾಂಟಿಯಾಕ್ ಟ್ರಾನ್ಸ್ ಆಮ್‌ನ 1970ರ ಶೇಕರ್ ಸ್ಕೂಪಿನ ಬಾಯಿ ಕೂಡ ಹಿಂದಕ್ಕೇ ಇತ್ತು. ಮಿಯಾಟಾದಲ್ಲಿ ತೊಡಕು ಏನೆಂದರೆ ಗಾಳಿ ಇರುವುದು ಹಿಂದೆ, ಫಿಲ್ಟರ್ ಇರುವುದು ಮುಂದೆ. ನಡುವೆ ಎಕ್ಸಾಸ್ಟ್. ಬಾನೆಟ್ ಕೆಳಗೆ ಪೈಪ್ ಎಳೆದರೆ ತಣ್ಣನೆ ಗಾಳಿಯನ್ನು ಒಲೆ ಮೇಲೆ ಹಾಯಿಸಿದ ಹಾಗೆ.

ಅದಕ್ಕೆ ನಾನು ದಾರಿಯನ್ನೇ ಬಾನೆಟ್ ಮೇಲಕ್ಕೆ ತಂದೆ. ಹೊರಗಿನಿಂದ ನೋಡಿದರೆ ಎಡಗಡೆ ಉದ್ದಕ್ಕೆ ಒಂದು ತಗ್ಗಾದ ಉಬ್ಬು. ಹಿಂದೆ ಗಾಜಿನ ಕಡೆ ಬಾಯಿ, ಮುಂದೆ ಮುಚ್ಚಿದ ಮೂಗು. ಗಾಳಿ ಉಬ್ಬಿನೊಳಗೆ ಹಿಂದಿನಿಂದ ಮುಂದಕ್ಕೆ ಬಂದು, ಮೂಗಿನ ಹತ್ತಿರ ಬಾನೆಟ್‌ನಲ್ಲಿ ಕೊರೆದ ಒಂದೇ ಅಂಡಾಕಾರದ ತೂತಿನಿಂದ ಫಿಲ್ಟರ್ ಡಬ್ಬಿಗೆ ಇಳಿಯುತ್ತದೆ. ಉಬ್ಬಿನ ತಳ ಅಂದರೆ ಬಾನೆಟ್ಟೇ. ಒಳಗಿನ ಅಗಲ 180 ಮಿಲಿಮೀಟರ್, ಎತ್ತರ 40. 6500 ಆರ್‌ಪಿಎಂನಲ್ಲಿ ಈ ಎಂಜಿನ್ ಕುಡಿಯುವುದು ಸೆಕೆಂಡಿಗೆ 80 ಲೀಟರಿನ ಹತ್ತಿರ, ಅಷ್ಟು ಗಾಳಿಗೆ ಈ ದಾರಿ ಧಾರಾಳ. ಎತ್ತರ 45 ದಾಟಿಸಬೇಡಿ, ಎಡಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ರಸ್ತೆ ಕಾಣುವುದಿಲ್ಲ.

ಉಬ್ಬು ಫೈಬರ್‌ಗ್ಲಾಸ್‌ನದ್ದು. ಅದರ ಅಚ್ಚಿಗೆ ಮನೆಗಳ ಗೋಡೆಗೆ ಹಾಕುವ ಗುಲಾಬಿ ಬಣ್ಣದ ಫೋಮ್ ಹಲಗೆ ಸಾಕು. ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಆ ಫೋಮ್ ಕರಗಿ ಹೋಗುತ್ತದೆ, ಎಪಾಕ್ಸಿಯೇ ಬೇಕು. ಫೋಮ್ ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿದರೆ ಫೈಬರ್ ಸಲೀಸಾಗಿ ಬಿಟ್ಟು ಬರುತ್ತದೆ. ಆರು ಔನ್ಸಿನ ಬಟ್ಟೆ ಮೂರು ಪದರ, ಬಾಯಿಯ ಅಂಚಿಗೆ ಐದು. ಅಲ್ಯೂಮಿನಿಯಂಗೆ ಕೂರಿಸಲು ಪ್ಯಾನೆಲ್ ಬಾಂಡ್ ಅಂಟು ಬಳಸಿದೆ, ಅದಕ್ಕೇ ಐವತ್ತು ಡಾಲರ್ ಮೇಲೆ. ಮೊದಲು ಬರೀ ಎಪಾಕ್ಸಿಯಲ್ಲಿ ಅಂಟಿಸಿದ್ದು ಚಳಿಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮಿಷಿಗನ್ ಚಳಿಗೆ ಎರಡು ವಸ್ತುಗಳೂ ಒಂದೇ ಸಮ ಕುಗ್ಗುವುದಿಲ್ಲ. ಈಗಿನ ಅಂಚಿನಲ್ಲಿ ಗೆರೆಯೇ ಕಾಣುವುದಿಲ್ಲ, ಆ ಕೀಲನ್ನು ಹೇಗೆ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೋನ್ ಫಿಲ್ಟರ್ ಸುತ್ತ ಅಲ್ಯೂಮಿನಿಯಂ ಶೀಟಿನ ಡಬ್ಬಿ, ಮೇಲ್ಭಾಗ ತೆರೆದದ್ದು. ಬಾನೆಟ್ ಮುಚ್ಚಿದಾಗ ಅದರ ಅಂಚು ತೂತಿನ ಸುತ್ತ ಒತ್ತಿ ಕೂರಬೇಕು. ಇಡೀ ಕೆಲಸದ ಜೀವ ಈ ಸೀಲ್. ಕಿಟಕಿ ಸಂದಿಗೆ ಹಾಕುವ ಮೆತ್ತನೆ ಫೋಮ್ ಹಾಕಿದ್ದೆ, ಶಾಖಕ್ಕೆ ಪುಡಿಯಾಗಿ ಫಿಲ್ಟರ್ ಮೇಲೆ ಉದುರಿತು. ಗುಜರಿಯಲ್ಲಿ ಒಂದು ಮಿನಿವ್ಯಾನ್ ಡಿಕ್ಕಿಯ ರಬ್ಬರ್ ಬೀಡಿಂಗ್ ಕಿತ್ತು ತಂದೆ, ಐದು ಡಾಲರ್. ಇವತ್ತಿಗೂ ಅದೇ ಇದೆ. ಸೀಲ್ ಸರಿ ಇಲ್ಲದಾಗ 39, ಸರಿ ಆದ ಮೇಲೆ 33. ಅಂದರೆ ಆರು ಡಿಗ್ರಿ ಬರೀ ರಬ್ಬರಿನದ್ದು! ಇನ್ನೊಂದು ವಿಷಯ, ಗಾಳಿ ಡಬ್ಬಿಗೆ ಸುಳಿಯಾಗಿ ಇಳಿದರೆ ಎಎಫ್‌ಎಂ ಒಳಗಿನ ರೆಕ್ಕೆ ನಡುಗಿ ಐಡ್ಲಿಂಗ್ ಏರಿಳಿಯುತ್ತದೆ. ಡಬ್ಬಿಯೊಳಗೆ ಒಂದು ಅಡ್ಡ ತಗಡು ನಿಲ್ಲಿಸಿದೆ, ನಿಂತಿತು.

ಮಳೆ ನೀರಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಬಾನೆಟ್ ಮುಂದಕ್ಕೆ ಇಳಿಜಾರು, ನೀರು ನೇರ ತೂತಿಗೇ ಹರಿಯುತ್ತದೆ. ಅದಕ್ಕೆ ತೂತಿನ ಸುತ್ತ ಒಂದು ಕಟ್ಟೆ, ಮೂಗಿನ ಎರಡೂ ಪಕ್ಕ ನೀರು ಹೊರಗೆ ಹೋಗಲು ಸಣ್ಣ ಕಿಂಡಿ. ಕಟ್ಟೆಯ ಆಕಾರ ಬರೆಯುವುದಿಲ್ಲ, ಅದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ತೋಟದ ಪೈಪಿನಲ್ಲಿ ಗಂಟೆಗಟ್ಟಲೆ ನೀರು ಬಿಟ್ಟೆ, ಸಿಡಿಲು ಮಳೆಯಲ್ಲಿ ಓಡಿಸಿದೆ, ಫಿಲ್ಟರ್ ಒಣಗಿಯೇ ಇತ್ತು.

ಫಲಿತಾಂಶಕ್ಕೆ ಬರೋಣ. 30 ಡಿಗ್ರಿ ದಿನ, 70 ಮೈಲಿಗೆ 33 ಡಿಗ್ರಿ, ಮೊದಲು 42 ಇದ್ದದ್ದು. ಸಿಗ್ನಲ್‌ನಲ್ಲಿ ಈಗಲೂ 48ರವರೆಗೆ ಏರುತ್ತದೆ, ಆದರೆ ಹೊರಟ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಡೈನೋದಲ್ಲಿ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಏನೂ ಕಾಣಲಿಲ್ಲ. ನೂರು ಡಾಲರ್ ಕೊಟ್ಟು ಓಡಿಸಿದ್ದಕ್ಕೆ ಹಳೇ ಅಂಕಿಯೇ ಬಂತು, ಅನುಮಾನದವರಿಗೆ ಹಬ್ಬ. ಡೈನೋದಲ್ಲಿ ಬಾನೆಟ್ ತೆರೆದಿಟ್ಟು ಮುಂದೊಂದು ಫ್ಯಾನ್ ಇಡುತ್ತಾರೆ, ಅಲ್ಲಿ ಎಲ್ಲ ಕಾರಿಗೂ ತಣ್ಣನೆ ಗಾಳಿಯೇ, ಗಾಜಿನ ಬುಡದ ಒತ್ತಡ ಎಲ್ಲಿಂದ ಬರಬೇಕು? ಹಾಗಾಗಿ ಸೌತ್ ಹೇವನ್‌ನ ಜಿಂಜರ್‌ಮ್ಯಾನ್ ಟ್ರ್ಯಾಕಿನ ನೇರ ಭಾಗದಲ್ಲಿ ಜಿಪಿಎಸ್ ಇಟ್ಟು ಮೂರನೇ ಗೇರಿನಲ್ಲಿ 50ರಿಂದ 80 ಮೈಲಿ ಅಳೆದೆ. ಒಂದೇ ಮಧ್ಯಾಹ್ನ, ಎರಡೂ ಬಾನೆಟ್, ಎರಡೂ ಫಿಲ್ಟರ್ ಬಾಕ್ಸ್ ಬದಲಾಯಿಸುತ್ತಾ. ಹಳೆಯದಕ್ಕೆ ಹತ್ತು ಸೆಕೆಂಡ್ ಚಿಲ್ಲರೆ, ಹೊಸದಕ್ಕೆ ಒಂಬತ್ತೂ ಮುಕ್ಕಾಲರ ಆಸುಪಾಸು. ಲೆಕ್ಕ ಹಾಕಿದರೆ ಮೂರು ಹಾರ್ಸ್‌ಪವರ್.

ಪಿಟ್‌ನಲ್ಲಿ ಮೈಸೂರು ಕಡೆಯ ಗೆಳೆಯನೊಬ್ಬ, ಅವನದ್ದೇ ಎಂಜಿನ್ ಕ್ಯಾಲಿಬ್ರೇಷನ್ ಕೆಲಸ, ಅಂಕಿ ನೋಡಿ, "ಗುರೂ, ಮೂರು ಕುದುರೆಗೆ ಇಷ್ಟೊಂದು ಒದ್ದಾಟವಾ?" ಅಂದ. ಬರಲ್ಲ ಅಂದವನೂ ಅವನೇ. ಒಂದು ತಿಂಗಳಾದ ಮೇಲೆ ಅಚ್ಚು ಕೊಡ್ತೀಯಾ ಅಂತ ಕೇಳಿದ. ಫೋಮ್ ಅಚ್ಚು ಕೊಟ್ಟೆ, ಕಟ್ಟೆಯ ಅಳತೆ ಕೊಡಲಿಲ್ಲ.

ಖರ್ಚು ಕೊನೆಗೆ ನಾನೂರು ಡಾಲರ್, ಎರಡನೇ ಗುಜರಿ ಬಾನೆಟ್ ಸೇರಿಸಿ, ಹಾಳಾಗಿದ್ದನ್ನು ಬಿಟ್ಟು. ಹಾಳಾಗಿದ್ದನ್ನೂ ಸೇರಿಸಿದರೆ ಎಂಟುನೂರರ ಹತ್ತಿರ ಆಗುತ್ತದೆ, ಆ ಅಂಕಿ ಮನೆಯಲ್ಲಿ ಹೇಳಿಲ್ಲ. ಮೂರು ಹಾರ್ಸ್‌ಪವರ್ ಅಷ್ಟೇ ಬೇಕು, ದುಡ್ಡು ಬೇಡ ಅನ್ನುವವರು ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಹೊತ್ತು) 10ರಿಂದ 14 ಡಿಗ್ರಿಗೆ ತಿರುಗಿಸಿ ಪ್ರೀಮಿಯಂ ಪೆಟ್ರೋಲ್ ಹಾಕಿ. ಬೋಲ್ಟ್ ಒಂದು ಸಡಿಲಿಸಿದರೆ ಮುಗಿಯಿತು. ಈ 1.6ರಲ್ಲಿ ನಾಕ್ ಸೆನ್ಸರ್ ಇಲ್ಲ, ಪೆಟ್ರೋಲ್ ಅಕಾಲಕ್ಕೆ ಸಿಡಿದು ಎಂಜಿನ್ ಟಕಟಕ ಅನ್ನುತ್ತದೆಯೇ ಅಂತ ಕೇಳಲು ಕಿವಿಯೇ ಗತಿ. ನಾನು ಅದನ್ನು ಮುಂಚೆಯೇ ಮಾಡಿದ್ದೆ, ಬಿಸಿ ದಿನಗಳಲ್ಲಿ 12ಕ್ಕೆ ಇಳಿಸಿಕೊಳ್ಳಬೇಕಿತ್ತು. ಈಗ ಬೇಸಿಗೆಯಲ್ಲೂ 14ರಲ್ಲೇ ಓಡುತ್ತಿದೆ.

ಮಿಷಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ, ಹಾಗಾಗಿ ನನಗೆ ತಲೆನೋವಿಲ್ಲ. ಕ್ಯಾಲಿಫೋರ್ನಿಯಾದವರು ಇದನ್ನು ರಸ್ತೆ ಕಾರಿಗೆ ಮಾಡಬೇಡಿ, ಅನುಮತಿ ನಂಬರ್ ಇಲ್ಲದ ಇಂಟೇಕ್ ಕಣ್ಣಿಗೆ ಬಿದ್ದರೆ ಸ್ಮಾಗ್ ಟೆಸ್ಟಲ್ಲಿ ಫೇಲ್. ಬೆಂಗಳೂರಿನಿಂದ ಇಬ್ಬರು ತಮ್ಮ ಗಾಡಿಗಳಿಗೆ ಕೇಳಿದ್ದರು, ಅಲ್ಲಿ ಆರ್‌ಟಿಓ ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ, ಟ್ರ್ಯಾಕ್ ಗಾಡಿಯಾದರೆ ಮಾತ್ರ ಯೋಚಿಸಿ. ನನ್ನಲ್ಲಿ ಇನ್ನು ಉಳಿದಿರುವುದು ಬಣ್ಣ. ಮೂವತ್ತು ವರ್ಷ ಬಿಸಿಲು ಕಂಡ ಕೆಂಪಿಗೆ ಹೊಸ ಕೆಂಪು ಹೊಂದುವುದೇ ಇಲ್ಲ, ಒಂದು ಪೇಂಟ್ ಅಂಗಡಿಯವರು ಬಾನೆಟ್ ಒಂದಕ್ಕೇ ಆರುನೂರು ಕೇಳಿದರು. ಸದ್ಯಕ್ಕೆ ಮ್ಯಾಟ್ ಕಪ್ಪು ಸ್ಪ್ರೇ ಹೊಡೆದು ಓಡಿಸುತ್ತಿದ್ದೇನೆ. ಕಪ್ಪು ಬಿಸಿಲಿಗೆ ಜಾಸ್ತಿ ಕಾಯುತ್ತದಲ್ಲ ಅಂತ ಕೇಳಬೇಡಿ, ಅಳೆದಿದ್ದೇನೆ, ಓಡುವಾಗ ಅರ್ಧ ಡಿಗ್ರಿಯೂ ವ್ಯತ್ಯಾಸ ಇಲ್ಲ.